ಒಂದೇ ಟಿಕೆಟ್, ಹಲವು ಪಾರ್ಕುಗಳು: ಕೊಳ್ಳಬೇಕೇ, ಬಿಡಬೇಕೇ? ನಮ್ಮ ಭಾಗದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಓಣಿಯೊಂದರಲ್ಲೇ ಐದು ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಶಾಲೆಯ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರ ಮನೆಯಲ್ಲಿ ಫ್ಲೋರಿಡಾದ ಡಿಸ್ನಿಯ ಮಾತು ಶುರುವಾಗುತ್ತದೆ. ಎರಡು ವರ್ಷದ ಹಿಂದೆ ನಾವೂ ಏಳು ಜನ ಹೋಗಿ ಬಂದೆವು: ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು, ಅತ್ತೆ, ಜೊತೆಗೆ ಅಲ್ಲೇ ಇರುವ ಅಣ್ಣ ಮತ್ತು ವೈನಿ. ಬಂದಾಗಿನಿಂದ ಪರಿಚಿತರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ವಿಷಯ: ಒಂದೇ ದಿನ ಬೇಕಾದ ಪಾರ್ಕಿಗೆಲ್ಲ ಓಡಾಡಬಹುದಾದ ಆ ದುಬಾರಿ ಟಿಕೆಟ್ ಕೊಳ್ಳಬೇಕೇ? ಅವರಿಗೆ ಹೇಳುತ್ತ ಬಂದ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಹಲವು ಪಾರ್ಕುಗಳ ಟಿಕೆಟ್ ಎಂದರೆ ಏನು?

ಫ್ಲೋರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದೊಡ್ಡ ಪಾರ್ಕುಗಳಿವೆ. ಮ್ಯಾಜಿಕ್ ಕಿಂಗ್‌ಡಮ್ 1971ರದು, ಎಪ್ಕಾಟ್ 1982ರದು, ಹಾಲಿವುಡ್ ಸ್ಟುಡಿಯೋಸ್ 1989ರದು, ಅನಿಮಲ್ ಕಿಂಗ್‌ಡಮ್ 1998ರದು. ಇವುಗಳ ಹೊರತಾಗಿ ಎರಡು ನೀರಿನ ಪಾರ್ಕುಗಳು. ಸಾದಾ ಟಿಕೆಟ್ ಇದ್ದರೆ ದಿನಕ್ಕೆ ಒಂದು ಪಾರ್ಕಿಗೆ ಮಾತ್ರ ಪ್ರವೇಶ. ‘ಪಾರ್ಕ್ ಹಾಪರ್’ ಎಂಬ ಟಿಕೆಟಿಗೆ ಹೆಚ್ಚು ಹಣ ಕೊಟ್ಟರೆ ಬೆಳಿಗ್ಗೆ ಒಂದು ಪಾರ್ಕು, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು ಎಂದು ಒಂದೇ ದಿನ ಬದಲಿಸುತ್ತ ಹೋಗಬಹುದು. ಕೆಲವು ವರ್ಷ ಮಧ್ಯಾಹ್ನದ ನಂತರವೇ ಪಾರ್ಕು ಬದಲಿಸಬೇಕು ಎಂಬ ನಿಯಮವಿತ್ತು. 2024ರ ಜನವರಿಯಿಂದ ಅದನ್ನು ತೆಗೆದುಹಾಕಿದ್ದಾರೆ.

ಅದನ್ನು ಕೊಳ್ಳದಿದ್ದರೆ ನಾಲ್ಕೂ ಪಾರ್ಕುಗಳನ್ನು ನೋಡಲು ಆಗುವುದಿಲ್ಲ, ಅಲ್ಲವೇ?

ಆಗುತ್ತದೆ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ನಾಲ್ಕು ದಿನದ ಸಾದಾ ಟಿಕೆಟ್ ಕೊಂಡರೆ ದಿನಕ್ಕೊಂದರಂತೆ ನಾಲ್ಕೂ ಪಾರ್ಕುಗಳನ್ನು ಆರಾಮವಾಗಿ ನೋಡಬಹುದು. ಹಾಪರ್‌ಗೆ ಕೊಡುವ ಹೆಚ್ಚಿನ ಹಣ ಪಾರ್ಕು ನೋಡುವುದಕ್ಕಲ್ಲ, ಒಂದೇ ದಿನದಲ್ಲಿ ಪಾರ್ಕು ಬದಲಿಸುವುದಕ್ಕೆ. ಹುಬ್ಬಳ್ಳಿಯ ಪರಿಚಿತರೊಬ್ಬರು ಐದು ದಿನ ಅಲ್ಲಿದ್ದರು, ಮನೆಯ ಆರೂ ಜನರಿಗೆ ಹಾಪರ್ ಕೊಂಡಿದ್ದರು, ಒಂದು ದಿನವೂ ಪಾರ್ಕು ಬದಲಿಸಲಿಲ್ಲ. ಸಾದಾ ಟಿಕೆಟಿನಲ್ಲಿ ಒಂದೇ ಪಾರ್ಕು ಸಿಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಅವರ ಮಾತು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಇದನ್ನೆಲ್ಲ ಬರೆದಿಡಬೇಕು ಎನ್ನಿಸಿದ್ದು ಆ ದಿನವೇ.

ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಎಷ್ಟು ದೂರ? ನಡೆದು ಹೋಗಬಹುದೇ?

ಆ ಇಡೀ ಜಾಗ ಸುಮಾರು 100 ಚದರ ಕಿಲೋಮೀಟರ್. ನಮ್ಮ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿ ಸುಮಾರು 200. ಅಂದರೆ ಅವಳಿ ನಗರದ ಅರ್ಧದಷ್ಟು ಜಾಗದಲ್ಲಿ ನಾಲ್ಕು ಪಾರ್ಕುಗಳು ಅಲ್ಲೊಂದು ಇಲ್ಲೊಂದು ಇವೆ. ಎಪ್ಕಾಟ್‌ನಿಂದ ಹಾಲಿವುಡ್ ಸ್ಟುಡಿಯೋಸ್‌ಗೆ ಮಾತ್ರ ದಾರಿ ಸುಲಭ: ತಂತಿಯ ಮೇಲೆ ತೇಲುವ ತೊಟ್ಟಿಲಿನಂಥ ಸ್ಕೈಲೈನರ್ ಇದೆ, ದೋಣಿ ಇದೆ, ಕಾಲುದಾರಿಯೂ ಇದೆ. ಎಪ್ಕಾಟ್ ಮತ್ತು ಮ್ಯಾಜಿಕ್ ಕಿಂಗ್‌ಡಮ್ ನಡುವೆ ಮೊನೊರೈಲು ಓಡುತ್ತದೆ, ಮಧ್ಯೆ ಒಮ್ಮೆ ಇಳಿದು ಹತ್ತಬೇಕು. ಅನಿಮಲ್ ಕಿಂಗ್‌ಡಮ್‌ಗೆ ರಸ್ತೆಯೊಂದೇ ದಾರಿ.

ಪ್ರವಾಸದ ಎರಡನೆಯ ದಿನ ನಾವು ಮಾಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆಯಿಂದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿದ್ದೆವು. ಮಧ್ಯಾಹ್ನ ಎರಡರ ಹೊತ್ತಿಗೆ, ಹೇಗೂ ಹಾಪರ್ ಇದೆ, ಅನಿಮಲ್ ಕಿಂಗ್‌ಡಮ್‌ಗೂ ಹೋಗಿಬಿಡೋಣ ಎಂದು ಹೊರಟೆವು. ನಮ್ಮ ಕಾರು ನಿಂತಿದ್ದದ್ದು ಸರೋವರದ ಆಚೆ ದಡದಲ್ಲಿ. ದೊಡ್ಡ ದೋಣಿಗಾಗಿ ಕಾದೆವು, ದಾಟಿದೆವು, ಕಾರಿನವರೆಗೆ ನಡೆದೆವು, ಹೊಸ ಜಾಗದಲ್ಲಿ ಕಾರು ನಿಲ್ಲಿಸಿದೆವು, ಮತ್ತೆ ಚೀಲಗಳ ತಪಾಸಣೆ. ದೋಣಿಯಲ್ಲೇ ಮಗಳು ನನ್ನ ಅಣ್ಣನ ಹೆಗಲ ಮೇಲೆ ನಿದ್ದೆ ಹೋದಳು. ಅವಳ ಎಡಗಾಲಿನ ಬೂಟು ಜಾರಿ ಬಿದ್ದದ್ದನ್ನು ಅತ್ತೆ ಎತ್ತಿಕೊಂಡು, ಕಳೆದೀತೆಂದು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕುಳಿತಿದ್ದರು. ಎರಡನೆಯ ಪಾರ್ಕಿನ ಬಾಗಿಲು ದಾಟಿದಾಗ ಮೂರು ಮುಕ್ಕಾಲು. ಅರ್ಧ ಗಂಟೆಯಲ್ಲಿ ಆಕಾಶ ಕಪ್ಪಾಯಿತು. ಸಿಡಿಲಿನ ಲಕ್ಷಣ ಕಂಡರೆ ಅಲ್ಲಿ ಬಯಲಿನ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ, ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಇಂಥ ಮಳೆ ಮಾಮೂಲು. ಅನಿಮಲ್ ಕಿಂಗ್‌ಡಮ್ ಉಳಿದವುಗಳಿಗಿಂತ ಬೇಗ ಮುಚ್ಚುವ ಪಾರ್ಕು ಬೇರೆ. ಏಳು ಜನರ ಹೆಚ್ಚುವರಿ ಹಣಕ್ಕೆ ಆ ದಿನ ನಮಗೆ ಸಿಕ್ಕದ್ದು ಎರಡು ಆಟ.

ಹಣದ ಲೆಕ್ಕ ಹೇಗೆ ಹಾಕಬೇಕು?

ದಿನಾಂಕದ ಮೇಲೆ ದರ ಏರಿಳಿಯುತ್ತದೆ. ಆದ್ದರಿಂದ ನಾನು ದರ ಹೇಳುವುದಿಲ್ಲ, ಲೆಕ್ಕದ ದಾರಿ ಹೇಳುತ್ತೇನೆ.

ಸಾದಾ ಟಿಕೆಟಿನಲ್ಲಿ ದಿನಗಳು ಹೆಚ್ಚಿದಂತೆ ದಿನವೊಂದಕ್ಕೆ ಬೀಳುವ ದರ ಇಳಿಯುತ್ತದೆ. ಐದನೆಯ ದಿನವನ್ನು ಸೇರಿಸಲು ಮೊದಲ ದಿನಕ್ಕೆ ಕೊಟ್ಟಷ್ಟು ಹಣ ಬೇಡ. ಹಾಪರ್‌ನ ಹೆಚ್ಚುವರಿ ಹಣ ಹಾಗಲ್ಲ. ಅದು ಇಡೀ ಟಿಕೆಟಿಗೆ ಒಮ್ಮೆ ಕೊಡುವಂಥದ್ದು, ಒಂದು ದಿನದ ಟಿಕೆಟಿಗಾದರೂ ಐದು ದಿನದ್ದಕ್ಕಾದರೂ ಅಜಮಾಸು ಒಂದೇ ಮಟ್ಟದಲ್ಲಿರುತ್ತದೆ. ಹೀಗಾಗಿ ಎರಡೇ ದಿನಕ್ಕೆ ಹೋಗುವವರಿಗೆ ಅದು ಭಾರ, ಆರು ದಿನ ಉಳಿದು ದಿನವೂ ಬಳಸುವವರಿಗೆ ಹಗುರ.

ಈಗ ಒಂದು ಉದಾಹರಣೆ. ಹೆಚ್ಚುವರಿ ಹಣ ತಲೆಗೆ 8,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಆರು ಜನರಿಗೆ 48,000. ನೀವು ನಿಜವಾಗಿ ಎಷ್ಟು ಸಲ ಪಾರ್ಕು ಬದಲಿಸುತ್ತೀರಿ ಎಂಬುದನ್ನು ಕಾಗದದ ಮೇಲೆ ದಿನ ಹಾಕಿ ಬರೆಯಿರಿ. ಎರಡು ಸಲ ಎಂದಾದರೆ ಒಂದೊಂದು ಬದಲಾವಣೆಗೆ 24,000 ಬಿತ್ತು. ಒಂದು ಮಧ್ಯಾಹ್ನದ ಓಡಾಟಕ್ಕೆ ಅಷ್ಟು ಕೊಡಲು ಮನಸ್ಸು ಒಪ್ಪುತ್ತದೆಯೇ ಎಂದು ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿ. ಅದೇ ಹಣದಲ್ಲಿ ಸಾದಾ ಟಿಕೆಟಿಗೆ ಇನ್ನೊಂದು ದಿನ ಸೇರುತ್ತದೆಯೇ ಎಂದೂ ನೋಡಿ. ಚಿಕ್ಕ ಮಕ್ಕಳು ಮತ್ತು ಹಿರಿಯರಿರುವ ಕುಟುಂಬ ಮೊದಲ ಸಲ ಹೋಗುತ್ತಿದ್ದರೆ ನಾನು ಕಣ್ಣು ಮುಚ್ಚಿ ಹೇಳುವುದು ಇಷ್ಟೇ: ಪಾರ್ಕು ಹೆಚ್ಚಿಸಬೇಡಿ, ದಿನ ಹೆಚ್ಚಿಸಿ.

ಇನ್ನೊಂದು ಮಾತು. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 3ರಿಂದ 9 ವರ್ಷದವರಿಗೆ ಮಕ್ಕಳ ದರ. ಹತ್ತು ತುಂಬಿದರೆ ದೊಡ್ಡವರ ದರ. ಮಗುವಿನ ಹತ್ತನೆಯ ಹುಟ್ಟುಹಬ್ಬ ಜೂನ್‌ನಲ್ಲಿದ್ದರೆ ಪ್ರವಾಸವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳುವುದು ಜಾಣತನ, ಆದರೆ ಉಳಿಯುವುದು ಸ್ವಲ್ಪವೇ.

ಈ ಟಿಕೆಟ್ ಇದ್ದರೆ ಸರದಿ ತಪ್ಪುತ್ತದೆಯೇ?

ಇಲ್ಲ. ಬೇಗ ಒಳಗೆ ಬಿಡುವ ‘ಲೈಟ್ನಿಂಗ್ ಲೇನ್’ ಬೇರೆ, ಅದಕ್ಕೆ ಬೇರೆಯೇ ಹಣ. ಒರ್ಲ್ಯಾಂಡೊದಲ್ಲೇ ಇರುವ ಇನ್ನೊಂದು ಕಂಪನಿಯ ಯೂನಿವರ್ಸಲ್ ಪಾರ್ಕುಗಳಲ್ಲಿ ಅದನ್ನು ‘ಎಕ್ಸ್‌ಪ್ರೆಸ್’ ಎನ್ನುತ್ತಾರೆ. ಕೈಯಲ್ಲಿ ಹೆಚ್ಚುವರಿ ಹಣ ಒಂದಕ್ಕೇ ಇದ್ದರೆ, ರಜೆಯ ಜನಸಂದಣಿಯಲ್ಲಿ ಸರದಿ ತಪ್ಪಿಸುವುದಕ್ಕೆ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮಕ್ಕಳು ಚಿಕ್ಕವರು. ಅವರಿಗೆ ಎಷ್ಟು ಪಾರ್ಕು ಸಾಕು?

ವಯಸ್ಸಿಗಿಂತ ಎತ್ತರ ಮುಖ್ಯ. ಹೊರಡುವ ಮೊದಲು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಮಗಳನ್ನು ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. 108 ಸೆಂಟಿಮೀಟರ್. ಆಮೇಲೆ ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂಬ ಪಾರ್ಕುಗಳ ಪಟ್ಟಿ ತೆಗೆದು ನೋಡಿದೆ. ಸೆವೆನ್ ಡ್ವಾರ್ಫ್ಸ್ ಗಣಿ ರೈಲಿಗೆ ಮತ್ತು ಸ್ಲಿಂಕಿ ಡಾಗ್‌ಗೆ 97 ಸೆಂಟಿಮೀಟರ್ ಸಾಕು. ಸ್ಪೇಸ್ ಮೌಂಟನ್‌ಗೂ ಎಕ್ಸ್‌ಪೆಡಿಶನ್ ಎವರೆಸ್ಟ್‌ಗೂ 112 ಬೇಕು. ಟ್ರಾನ್‌ಗೆ 122. ಅಳತೆ ಒಂದು ಬೆರಳು ಕಡಿಮೆಯಿದ್ದರೂ ಒಳಗೆ ಬಿಡುವುದಿಲ್ಲ, ಅತ್ತರೂ ಬಿಡುವುದಿಲ್ಲ. ಅಲ್ಲಿ ಹೋಗಿ ಮಗು ಅಳುವುದಕ್ಕಿಂತ ಇಲ್ಲೇ ಕೂರಿಸಿಕೊಂಡು ಹೇಳುವುದು ವಾಸಿ. ನಾನು ಗೆರೆ ತೋರಿಸಿ, ಇದಕ್ಕಿಂತ ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಬೆಳೆದ ಮೇಲೆ ಸ್ಪೇಸ್ ಮೌಂಟನ್ ಎಂದು ಹೇಳಿದ್ದೆ. ಅವಳು ಒಪ್ಪಿಕೊಂಡಳು. ಈಗಲೂ ಆ ಗೆರೆಯ ಹತ್ತಿರ ಹೋಗಿ ಆಗಾಗ ನಿಲ್ಲುತ್ತಾಳೆ.

ಎತ್ತರ ಸಾಲದ ಮಗು ಒಂದಿದ್ದರೆ ತಂದೆ ತಾಯಿ ಸರದಿಯಲ್ಲಿ ಎರಡೆರಡು ಸಲ ಕಾಯಬೇಕಾಗಿಲ್ಲ. ಒಬ್ಬರು ಆಟಕ್ಕೆ ಹೋದಾಗ ಇನ್ನೊಬ್ಬರು ಮಗುವಿನ ಜೊತೆ ನಿಂತು, ನಂತರ ಅದಲು ಬದಲಾಗುವ ಸೌಲಭ್ಯವಿದೆ, ಅದಕ್ಕೆ ಹಣವಿಲ್ಲ. ಆಟದ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು.

ಐದು ವರ್ಷದೊಳಗಿನ ಮಕ್ಕಳಿಗೆ ಮ್ಯಾಜಿಕ್ ಕಿಂಗ್‌ಡಮ್ ಒಂದೇ ಎರಡು ದಿನಕ್ಕೆ ಸಾಕಾಗುವಷ್ಟಿದೆ. ಅವರಿಗಾಗಿ ಹಾಪರ್ ಕೊಳ್ಳುವುದು ದಂಡ.

ಅತ್ತೆ, ಮಾವ, ಅಜ್ಜಿ ಜೊತೆಗಿದ್ದಾರೆ. ಅವರಿಂದ ಆಗುತ್ತದೆಯೇ?

ಒಂದು ಪಾರ್ಕಿನಲ್ಲಿ ಇಡೀ ದಿನ ಕಳೆದರೆ ಎಂಟು ಹತ್ತು ಕಿಲೋಮೀಟರ್ ನಡಿಗೆ ಸಾಮಾನ್ಯ. ಅಂದರೆ ಧಾರವಾಡದಿಂದ ಹುಬ್ಬಳ್ಳಿಗೆ ಹೊರಟು ಅರ್ಧ ದಾರಿ ನಡೆದಂತೆ. ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಾದರಿ ಕಟ್ಟಡಗಳು ಕೆರೆಯ ಸುತ್ತ ಇವೆ, ಆ ಒಂದು ಸುತ್ತು ಸುಮಾರು ಎರಡು ಕಿಲೋಮೀಟರ್. 1507 ಮೀಟರ್ ಉದ್ದದ ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್‌ಗಿಂತಲೂ ಹೆಚ್ಚು. ಆ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ಚೀಲ ಹಿಡಿದು ನಡೆದವರಿಗೆ ನಾನು ಹೇಳುವುದು ತಟ್ಟನೆ ತಿಳಿದೀತು.

ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಆದರೆ ಒಂದು ಪಾರ್ಕಿನದನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಅಲ್ಲೇ ಬಿಟ್ಟು, ರಸೀದಿ ಇಟ್ಟುಕೊಂಡು, ಮುಂದಿನ ಪಾರ್ಕಿನಲ್ಲಿ ಮತ್ತೊಂದನ್ನು ಕೇಳಬೇಕು. ಮಧ್ಯದ ದಾರಿಯಲ್ಲಿ ಕುರ್ಚಿ ಇರುವುದಿಲ್ಲ. ಹಿರಿಯರ ಮೊಣಕಾಲು ನೋಯುವುದು ಅಲ್ಲಿಯೇ.

ನನ್ನದೊಂದು ಸಲಹೆ: ಹೊರಡುವ ತಿಂಗಳು ಮೊದಲು ಎಲ್ಲರೂ ಸೇರಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ ಬನ್ನಿ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ, ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳಿರುವ ಜಾಗ. ಬೆಳಿಗ್ಗೆ ಹೋಗಿ ಸಂಜೆಯವರೆಗೆ ಇರಿ. ಯಾರು ಎಷ್ಟು ಹೊತ್ತಿಗೆ ನೆರಳು ಹುಡುಕಿ ಕುಳಿತರು, ಯಾವ ಮಗು ಎಷ್ಟು ಗಂಟೆಗೆ ಹಟ ಹಿಡಿಯಿತು ಎಂದು ಗಮನಿಸಿ. ನಿಮ್ಮ ಟಿಕೆಟ್ ಯಾವುದೆಂದು ಆ ಒಂದು ದಿನವೇ ಹೇಳುತ್ತದೆ. ನಾವು ಹೋಗಿ ಬಂದ ಮೇಲೆ ಹೊಳೆದ ಉಪಾಯ ಇದು. ಮೊದಲೇ ಮಾಡಿದ್ದರೆ ಅತ್ತೆ ಮಧ್ಯಾಹ್ನ ಎರಡರ ನಂತರ ನಡೆಯಲಾರರು ಎಂಬುದು ಮೊದಲೇ ತಿಳಿಯುತ್ತಿತ್ತು.

ಹಾಗಾದರೆ ಹಾಪರ್ ಯಾರಿಗೂ ಬೇಡವೇ?

ಖಂಡಿತ ಬೇಕಾದವರಿದ್ದಾರೆ. ಪಾರ್ಕುಗಳ ಹತ್ತಿರವೇ ಹೋಟೆಲ್ ಮಾಡಿಕೊಂಡು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಂದು ಪಾರ್ಕಿಗೆ ಹೋಗಿ, ಮಧ್ಯಾಹ್ನ ಕೋಣೆಗೆ ಬಂದು ಉಂಡು ಮಲಗಿ, ಸಂಜೆ ಎದ್ದು ಬೇರೆ ಪಾರ್ಕಿಗೆ ಹೋಗುವವರಿಗೆ ಅದು ಹೇಳಿ ಮಾಡಿಸಿದಂತಿದೆ. ಹೇಗೂ ಹೊರಗೆ ಬಂದಿರುತ್ತೀರಿ, ಹಾಗಾಗಿ ಪಾರ್ಕು ಬದಲಿಸಿದರೆ ಹೊಸದಾಗಿ ಸಮಯ ಹೋಗುವುದಿಲ್ಲ. ಅನಿಮಲ್ ಕಿಂಗ್‌ಡಮ್‌ನ ಸಫಾರಿಯಲ್ಲಿ ಪ್ರಾಣಿಗಳು ಚುರುಕಾಗಿ ಕಾಣುವುದು ಬೆಳಗಿನ ತಂಪಿನಲ್ಲಿ, ಆ ಪಾರ್ಕು ಮುಚ್ಚುವುದೂ ಬೇಗ. ಆ ದಿನದ ಸಂಜೆಯನ್ನು ಎಪ್ಕಾಟ್‌ನಲ್ಲಿ ಕಳೆಯುವುದಕ್ಕೆ ಹಾಪರ್ ಒಳ್ಳೆಯ ಜೊತೆ. ಎರಡನೆಯ ಸಲ ಹೋಗುವವರು, ಇಂಥಿಂಥ ಆಟ ಮಾತ್ರ ಬೇಕು ಎಂದು ತಿಳಿದವರು, ಕಾಲೇಜು ಓದುವ ಗಟ್ಟಿಮುಟ್ಟಾದ ಮಕ್ಕಳಿರುವವರು ಧಾರಾಳವಾಗಿ ಕೊಳ್ಳಲಿ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಮಾತೇ ಬೇರೆ. ಅಲ್ಲಿ 1955ರ ಮೂಲ ಪಾರ್ಕು ಮತ್ತು 2001ರ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಬಾಗಿಲುಗಳು ಎದುರುಬದುರು. ಬೀದಿಯ ಈಚೆ ಮನೆಯಿಂದ ಆಚೆ ಮನೆಗೆ ಹೋದಂತೆ. ಫ್ಲೋರಿಡಾದ ಬಗ್ಗೆ ನಾನು ಹೇಳಿದ ದೂರದ ತಕರಾರು ಅಲ್ಲಿಗೆ ಅನ್ವಯಿಸುವುದಿಲ್ಲ.

ಮೊದಲು ಸಾದಾ ಟಿಕೆಟ್ ಕೊಂಡು, ಬೇಕೆನಿಸಿದರೆ ಬದಲಿಸಬಹುದೇ?

ಫ್ಲೋರಿಡಾದ ಡಿಸ್ನಿಯಲ್ಲಿ ಟಿಕೆಟಿನ ಅವಧಿ ಮುಗಿಯುವ ಮೊದಲು ವ್ಯತ್ಯಾಸದ ಹಣ ಕಟ್ಟಿ ಹಾಪರ್ ಆಗಿ ಏರಿಸಿಕೊಳ್ಳಬಹುದು. ಕೊಂಡ ಹಾಪರ್ ಅನ್ನು ಇಳಿಸಿ ಹಣ ಮರಳಿ ಪಡೆಯಲು ಬರುವುದಿಲ್ಲ. ಹಾಗಾಗಿ ಅನುಮಾನವಿದ್ದರೆ ಸಾದಾ ಟಿಕೆಟಿನಿಂದಲೇ ಶುರು ಮಾಡಿ. ಒಬ್ಬರ ಹೆಸರಿನಲ್ಲಿ ಬಳಸಿದ ಟಿಕೆಟನ್ನು ಇನ್ನೊಬ್ಬರಿಗೆ ಕೊಡಲೂ ಆಗದು. ಟಿಕೆಟಿಗೆ ವಾಯಿದೆಯೂ ಇದೆ: ನಾಲ್ಕು ದಿನದ ಸಾದಾ ಟಿಕೆಟನ್ನು ಶುರುವಿನ ದಿನಾಂಕದಿಂದ ಏಳು ದಿನದೊಳಗೆ ಮುಗಿಸಬೇಕು. ಆ ಏಳರಲ್ಲಿ ಮೂರು ದಿನ ವಿಶ್ರಾಂತಿಗೆ ಸಿಗುತ್ತವೆ ಎಂದು ನೋಡಿ, ಅವನ್ನು ನಿಜವಾಗಿಯೂ ವಿಶ್ರಾಂತಿಗೆ ಬಳಸಿ.

ಮಗ ಹ್ಯಾರಿ ಪಾಟರ್ ಹುಚ್ಚಿನವನು. ಯೂನಿವರ್ಸಲ್‌ನಲ್ಲೂ ಇದೇ ಉತ್ತರವೇ?

ಇಲ್ಲಿ ನನ್ನ ಉತ್ತರ ತಿರುಗುತ್ತದೆ. ಒರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಅಕ್ಕಪಕ್ಕದಲ್ಲಿವೆ. ಒಂದರಲ್ಲಿರುವ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಇನ್ನೊಂದರ ಹಾಗ್ಸ್‌ಮೀಡ್‌ಗೆ 2014ರಿಂದ ಹ್ಯಾರಿ ಪಾಟರ್ ಕತೆಯ ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ರೈಲು ಓಡುತ್ತದೆ. ಪಾರ್ಕಿನಿಂದ ಪಾರ್ಕಿಗೆ ಹೋಗುವ ಟಿಕೆಟ್ ಇಲ್ಲದೆ ಆ ರೈಲು ಹತ್ತಲು ಆಗುವುದಿಲ್ಲ. ಆ ಕತೆಗಳನ್ನೇ ಓದಿ ಬೆಳೆದ ಹುಡುಗನನ್ನು ಅಷ್ಟು ದೂರ ಕರೆದೊಯ್ದು ಅದರ ಬಾಗಿಲಿನಿಂದ ಮರಳಿಸಬಾರದು. ನನ್ನ ಮಗ ಆ ರೈಲಿನ ಕಿಟಕಿಗೆ ಹಣೆ ಒತ್ತಿ ಕುಳಿತದ್ದನ್ನು ನೋಡಿದ ಮೇಲೆ ಆ ಹಣದ ಬಗ್ಗೆ ನಾವು ಎರಡು ಮಾತಾಡಲಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ತೆರೆದ ಯೂನಿವರ್ಸಲ್‌ನ ಇನ್ನೊಂದು ಪಾರ್ಕು ಎಪಿಕ್ ಯೂನಿವರ್ಸ್ ಅಲ್ಲಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ. ನಿಮ್ಮ ಟಿಕೆಟಿನಲ್ಲಿ ಅದು ಸೇರಿದೆಯೇ, ಎಷ್ಟು ದಿನಕ್ಕೆ ಸೇರಿದೆ ಎಂದು ಓದಿಯೇ ಹಣ ಕಟ್ಟಿ.

ಅಮೆರಿಕ ನಮಗೆ ದೂರ. ದುಬೈ, ಅಬುಧಾಬಿಗೆ ಹೋಗುತ್ತೇವೆ. ಅಲ್ಲಿ?

ಅಬುಧಾಬಿಯ ಯಾಸ್ ದ್ವೀಪದಲ್ಲಿ ಫೆರಾರಿ ವರ್ಲ್ಡ್, ಯಾಸ್ ವಾಟರ್‌ವರ್ಲ್ಡ್, ವಾರ್ನರ್ ಬ್ರದರ್ಸ್ ವರ್ಲ್ಡ್, ಸೀವರ್ಲ್ಡ್ ಎಂಬ ನಾಲ್ಕು ಪಾರ್ಕುಗಳು ಹತ್ತಿರ ಹತ್ತಿರ ಇವೆ. ನೀರಿನ ಪಾರ್ಕು ಬಿಟ್ಟು ಉಳಿದವು ಬಹುಪಾಲು ಚಾವಣಿಯ ಕೆಳಗೆ, ತಂಪಿನಲ್ಲಿ. ನಮ್ಮ ಏಪ್ರಿಲ್–ಮೇ ರಜೆಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆದ್ದರಿಂದ ಚಾವಣಿ ದೊಡ್ಡ ಉಪಕಾರ. ಅಲ್ಲಿ ಎರಡು ಪಾರ್ಕುಗಳ ಟಿಕೆಟ್ ಅರ್ಥಪೂರ್ಣ. ಆದರೆ ದುಬೈನಲ್ಲಿ ಉಳಿದುಕೊಂಡು ದಿನವೂ ಅಬುಧಾಬಿಗೆ ಹೋಗಿ ಬರುತ್ತೇವೆ ಎಂದರೆ ಒಂದೊಂದು ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ, ಟಿಕೆಟಿನ ಲಾಭವೆಲ್ಲ ರಸ್ತೆಯಲ್ಲೇ ಕರಗುತ್ತದೆ. ಒಂದು ರಾತ್ರಿಯಾದರೂ ಯಾಸ್‌ನಲ್ಲೇ ಉಳಿಯಿರಿ. ಗಂಟೆಗೆ 240 ಕಿಲೋಮೀಟರ್ ವೇಗದ ಫಾರ್ಮುಲಾ ರೊಸ್ಸಾ ರೋಲರ್ ಕೋಸ್ಟರ್ ನೋಡಿ ಮಕ್ಕಳು ಆಸೆಪಡುವ ಮೊದಲು ಇಲ್ಲಿಯೂ ಎತ್ತರದ ಪಟ್ಟಿ ನೋಡಿಕೊಳ್ಳಿ.

ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಒಂದೇ ಪಾರ್ಕು, ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಕೂಡ ಹಾಗೆಯೇ. ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ನಮ್ಮ ದೇಶದಲ್ಲೇ ಹೋಗುವುದಾದರೆ?

ಬಿಡದಿಯ ವಂಡರ್‌ಲಾದಲ್ಲಿ ನೆಲದ ಆಟ, ನೀರಿನ ಆಟ ಎರಡೂ ಒಂದೇ ಟಿಕೆಟಿನಲ್ಲಿ ಸೇರಿವೆ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಪೂರ್ತಿ ದಿನ ಕೊಟ್ಟರೆ ಸಾಕು. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾದಲ್ಲಿ ಮಾತ್ರ ಥೀಮ್ ಪಾರ್ಕು, ನೀರಿನ ಪಾರ್ಕು, ಹಿಮದ ಪಾರ್ಕು ಬೇರೆ ಬೇರೆ. ಒಂದೇ ದಿನ ಥೀಮ್ ಪಾರ್ಕು ಮತ್ತು ನೀರಿನ ಪಾರ್ಕು ಎರಡನ್ನೂ ಮುಗಿಸಲು ಹೋಗಬೇಡಿ. ಬಟ್ಟೆ ಬದಲಿಸುವುದು, ತಲೆ ಒರೆಸುವುದು, ಲಾಕರ್ ಹುಡುಕುವುದು, ಇದರಲ್ಲೇ ಮಧ್ಯಾಹ್ನ ಮುಗಿಯುತ್ತದೆ. ಹುಬ್ಬಳ್ಳಿಯಿಂದ ಕಾರಿನಲ್ಲಿ ಹೋಗುವವರು ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ದಣಿದು ತಲುಪಿರುತ್ತೀರಿ ಎಂಬುದನ್ನೂ ಮರೆಯಬೇಡಿ.

ಪ್ಯಾಕೇಜಿನಲ್ಲಿ ಹಾಪರ್ ಸೇರಿದೆ ಎನ್ನುತ್ತಾರೆ. ಏನು ಕೇಳಬೇಕು?

ಹಾಪರ್ ತೆಗೆದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಬರಹದಲ್ಲಿ ಕೇಳಿ. ನೀರಿನ ಪಾರ್ಕು ಸೇರಿದೆಯೇ ಕೇಳಿ. ದಿನಾಂಕ ಬದಲಾದರೆ ಏನಾಗುತ್ತದೆ ಕೇಳಿ. ಪಾರ್ಕಿನಿಂದ ಪಾರ್ಕಿಗೆ ಹೋಗಲು ವಾಹನ ಯಾರದು ಎಂಬುದನ್ನು ತಪ್ಪದೇ ಕೇಳಿ.

ಊಟ ಒಯ್ಯಬಹುದೇ?

ಫ್ಲೋರಿಡಾದ ಡಿಸ್ನಿ ಪಾರ್ಕುಗಳಲ್ಲಿ ಮನೆಯ ತಿಂಡಿ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ. ವೈನಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮನ್ನು ಕಾಪಾಡಿದವು. ವಂಡರ್‌ಲಾದಲ್ಲಿ ಹೊರಗಿನ ಊಟ ಬಿಡುವುದಿಲ್ಲ.

ಟಿಕೆಟ್ ಯಾವ ದಿನದಿಂದ ಶುರು ಮಾಡಬೇಕು?

ಇಳಿದ ಮರುದಿನದಿಂದ ಬೇಡ. ಬೇಸಿಗೆಯಲ್ಲಿ ಫ್ಲೋರಿಡಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿಯ ಮಧ್ಯಾಹ್ನ ಎರಡೂವರೆ ಎಂದರೆ ನಿಮ್ಮ ಮಗುವಿನ ಮೈಗೆ ಮಧ್ಯರಾತ್ರಿ. ಮೊದಲ ಎರಡು ದಿನ ಹೋಟೆಲಿನ ಈಜುಕೊಳ, ಹತ್ತಿರದ ಅಂಗಡಿ, ನಿದ್ದೆ. ಮೂರನೆಯ ಬೆಳಿಗ್ಗೆ ಮಕ್ಕಳು ತಾವಾಗಿಯೇ ಎದ್ದು ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತರೆ, ಆ ದಿನ ಟಿಕೆಟ್ ಶುರು ಮಾಡಿ.